ಸ್ಟ್ರಾಬೆರಿ ತಿನ್ನುವಾಗ ಕೇಳಿಸಿದ ಫಿರಂಗಿ

ಚರಿತ್ರೆಯ ದಿಕ್ಕನ್ನು ನಿರ್ಧರಿಸುವುದು ಮಹಾಸೇನಾನಿಗಳ ಪ್ರತಿಭೆಯಲ್ಲ, ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ಬಂದು ಮುಟ್ಟುವವರ ಕಾಲುಗಳು ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರು ಅಂದರೆ ನಾನೇ. ಡೆಟ್ರಾಯಿಟ್ ಬಳಿಯ ಸ್ಟರ್ಲಿಂಗ್ ಹೈಟ್ಸ್‌ನ ಒಂದು ಮನೆಯ ಬೇಸ್‌ಮೆಂಟಿನಲ್ಲಿ, ಮಡಚುವ ಕುರ್ಚಿಗಳ ಮೇಲೆ ಕೂತ ಸಭಿಕರ ಮುಂದೆ, ಊಟಕ್ಕೆ ಸ್ವಲ್ಪ ಮುಂಚೆ ಹೇಳಿದ್ದು. ಹೇಳಿ ಮುಗಿಸಿದಾಗ ಹಿಂದಿನ ಸಾಲಿನಲ್ಲಿ ಯಾರೋ ಅನ್ನಕ್ಕೆ ಇಟ್ಟಿದ್ದಾರೋ ಇಲ್ಲವೋ ಎಂದು ವಿಚಾರಿಸಿದರು.

ಅದೇ ದಿನ ನನಗೆ ಆದ ಒಂದು ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯಲೋ ಬೇಡವೋ ಎಂದು ಬಹಳ ಕಾಲ ಮೀನಮೇಷ ಎಣಿಸಿದೆ. ಮೀನವನ್ನಾಗಲೀ ಮೇಷವನ್ನಾಗಲೀ ನಂಬಿದವನಲ್ಲ ಎಂಬುದೇ ನನ್ನ ತೊಂದರೆ. ಇಂಥ ಕತೆ ಹೇಳುವವರನ್ನು ನಾನು ಆಯುಷ್ಯವಿಡೀ ಗೋಳು ಹುಯ್ದುಕೊಂಡಿದ್ದೇನೆ. "ನಮ್ಮ ಚಿಕ್ಕಪ್ಪ ಹೋದ ಗಳಿಗೆಗೇ ಗೋಡೆ ಗಡಿಯಾರ ನಿಂತುಹೋಯಿತು" ಎಂದು ಯಾರಾದರೂ ಕಣ್ಣು ತುಂಬಿಕೊಂಡರೆ, ಬ್ಯಾಟರಿ ಹಾಕಿಸಿ ಎಷ್ಟು ದಿನವಾಗಿತ್ತು ಎಂದು ಕೇಳುವ ಮನುಷ್ಯ ನಾನು. ನನ್ನ ಹೆಂಡತಿ ಲಲಿತ ಇದಕ್ಕೆ ತದ್ವಿರುದ್ಧ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಒಮ್ಮೆ ಹೊರಟ ಮೇಲೆ ಹಿಂದಕ್ಕೆ ಬರಬಾರದು, ಬರಲೇಬೇಕಾಗಿ ಬಂದರೆ ಒಳಗೆ ಕೂತು ನೀರು ಕುಡಿಯದೆ ಮತ್ತೆ ಹೊರಡಬಾರದು, ಇತ್ಯಾದಿ ಕಾಯಿದೆಗಳನ್ನು ಮೈಸೂರಿನಿಂದ ಶಿಕಾಗೋ ಬಳಿಯ ಅರೋರಾದ ನಮ್ಮ ಸಬ್‌ಡಿವಿಷನ್ನಿನವರೆಗೆ ಒಂದು ಚೂರೂ ಮುಕ್ಕಾಗದಂತೆ ತಂದಿಟ್ಟವಳು. ಗಾಜಿನ ಸಾಮಾನೇ ಅಷ್ಟು ಸುರಕ್ಷಿತವಾಗಿ ಬಂದಿರಲಿಲ್ಲ.

ಇದರ ಮೇಲೆ ವೃತ್ತಿಯ ನಾಚಿಕೆ ಬೇರೆ. ನಾನು ನಿವೃತ್ತ ಎಂಜಿನಿಯರು. ನನ್ನ ಕೆಲಸ ಸದ್ದು. ಕಾರು ಮಾರುಕಟ್ಟೆಗೆ ಹೋಗುವ ಮುಂಚೆ ಅದರೊಳಗೆ ಎಲ್ಲೋ ಕಟಕಟ ಎನ್ನುತ್ತದೆ, ಎಲ್ಲೋ ಗುಂಯ್ ಎನ್ನುತ್ತದೆ. ಅದು ಯಾವ ಭಾಗದಿಂದ, ಯಾಕೆ ಬರುತ್ತಿದೆ ಎಂದು ಪತ್ತೆ ಹಚ್ಚಿ ನಿಲ್ಲಿಸುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಅನಾಥ ಸದ್ದು ಎಂಬುದು ಲೋಕದಲ್ಲಿಲ್ಲ, ಪ್ರತಿಯೊಂದಕ್ಕೂ ತಂದೆತಾಯಿ ಇದ್ದೇ ಇರುತ್ತಾರೆ ಎಂದು ಹೊಸದಾಗಿ ಸೇರಿದ ಹುಡುಗರಿಗೆ ಹೇಳಿಕೊಡುತ್ತಿದ್ದೆ. ಆ ಹುಡುಗರು ಯಾರೂ ಕನ್ನಡ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಮುಂದುವರಿಯುತ್ತೇನೆ.

ವೀರೇಶ ಗದಗದ ಕಡೆಯವನು. ಡೆಟ್ರಾಯಿಟ್ ಬಳಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ನಾವಿಬ್ಬರೂ ಅಕ್ಕಪಕ್ಕದ ಮೇಜುಗಳಲ್ಲಿ ಕೂತವರು. ಅವನದು ಬಾಗಿಲಿನ ಚಿಲಕ. ಕಾರಿನ ಬಾಗಿಲು ಮುಚ್ಚಿದಾಗ ಥಪ್ ಎಂದು ಮರ್ಯಾದಸ್ಥ ಸದ್ದಾಗಬೇಕೇ ಹೊರತು ಟಣ್ ಎನ್ನಬಾರದು. ಬಾಗಿಲು ಅವನದು, ಸದ್ದು ನನ್ನದು. ಹೀಗೆ ಸ್ನೇಹ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ನಮಗೆ ಮಾತಿಗೆ ಇದ್ದ ವಿಷಯ ಒಂದೇ, ವಾಟರ್ಲೂ ಯುದ್ಧ. ಬೇರೆಯವರು ಫುಟ್‌ಬಾಲ್ ನೋಡುತ್ತಿದ್ದರು. ನಮ್ಮ ಪಂದ್ಯದ ಫಲಿತಾಂಶ ಎಂದೋ ಗೊತ್ತಾಗಿಹೋಗಿತ್ತು, ಅದರಿಂದ ಜಗಳಕ್ಕೇನೂ ಕಮ್ಮಿಯಾಗಲಿಲ್ಲ.

ಈ ಜಗಳವೇ ಬೆಳೆದು ಒಂದು ನ್ಯಾಯಾಲಯವಾಯಿತು. ವರ್ಷಕ್ಕೊಮ್ಮೆ ಜೂನ್ ತಿಂಗಳಲ್ಲಿ, ಆ ಯುದ್ಧ ನಡೆದ ದಿನದ ಹತ್ತಿರದ ಭಾನುವಾರ, ವೀರೇಶನ ಮನೆಯ ಬೇಸ್‌ಮೆಂಟಿನಲ್ಲಿ ಸುತ್ತಮುತ್ತಲ ಕನ್ನಡದವರು ಸೇರುತ್ತಾರೆ. ಒಬ್ಬರೇ ಎತ್ತಲಾರದ ಒಂದು ಮರದ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಅದರ ಮೇಲೆ ಸೀಸದ ಪುಟ್ಟ ಸೈನಿಕರನ್ನು ಸಾಲು ಸಾಲಾಗಿ ನಿಲ್ಲಿಸಿ ರಣರಂಗ ಮಾಡಿಟ್ಟಿದ್ದಾನೆ. ಪ್ರತಿ ವರ್ಷ ಒಬ್ಬ ಸೇನಾಪತಿಯ ವಿಚಾರಣೆ. ವೀರೇಶನ ಮಗಳು ಮೇಘಾ ನಿಜವಾಗಿಯೂ ವಕೀಲೆ, ಹಾಗಾಗಿ ನ್ಯಾಯಾಧೀಶೆ ಅವಳೇ. ಕುಟ್ಟುವುದಕ್ಕೆ ಅಡಿಗೆಮನೆಯ ಲಟ್ಟಣಿಗೆ. ಕೊನೆಗೆ ಎಲ್ಲರೂ ಕೈಯೆತ್ತಿ ತೀರ್ಪು ಕೊಡುತ್ತಾರೆ. ಆಮೇಲೆ ಊಟ. ಊಟಕ್ಕಾಗಿಯೇ ಬರುವವರು ಕೆಲವರುಂಟು, ಅವರ ಮತವನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ. ನಾನು ಮಗಳ ಮನೆಗೆ ಹತ್ತಿರವಾಗಲೆಂದು ಶಿಕಾಗೋ ಕಡೆಗೆ, ಅರೋರಾಕ್ಕೆ ಬಂದ ಮೇಲೂ ಈ ಒಂದು ಭಾನುವಾರ ತಪ್ಪಿಸಿರಲಿಲ್ಲ. ಹಿಂದಿನ ದಿನವೇ ಹೋಗಿ ಉಳಿದು, ವಿಚಾರಣೆ ಮುಗಿಸಿಕೊಂಡು ಮರಳುತ್ತಿದ್ದೆವು.

ನಾನು ಹೇಳುವ ವರ್ಷ, ಅಂದರೆ ಈಗ್ಗೆ ಕೆಲವು ವರ್ಷಗಳ ಹಿಂದೆ, ಕಟಕಟೆಯಲ್ಲಿ ನಿಂತಿದ್ದವನು ಮಾರ್ಷಲ್ ಗ್ರೂಶಿ. ಗೊತ್ತಿಲ್ಲದವರಿಗೆ ಎರಡು ಮಾತು. ವಾಟರ್ಲೂದಲ್ಲಿ ಒಂದು ಕಡೆ ನೆಪೋಲಿಯನ್, ಇನ್ನೊಂದು ಕಡೆ ಇಂಗ್ಲಿಷರ ವೆಲಿಂಗ್ಟನ್. ವೆಲಿಂಗ್ಟನ್ನನ ನೆರವಿಗೆ ಬರಬೇಕಾದವನು ಪ್ರಷ್ಯದ ಮುದುಕ ಬ್ಲೂಷರ್. ಅವನನ್ನು ಎರಡು ದಿನ ಮುಂಚೆಯೇ ನೆಪೋಲಿಯನ್ ಸೋಲಿಸಿದ್ದ, ಮುದುಕ ಕುದುರೆಯ ಅಡಿ ಸಿಕ್ಕಿ ಜಜ್ಜಿಹೋಗಿದ್ದ. ಸೋತ ಆ ಪ್ರಷ್ಯನ್ನರ ಬೆನ್ನು ಹತ್ತಿ ಹೋಗು ಎಂದು ನೆಪೋಲಿಯನ್ ತನ್ನ ಸೈನ್ಯದ ಮೂರನೆಯ ಒಂದು ಭಾಗವನ್ನು ಕೊಟ್ಟು ಗ್ರೂಶಿಯನ್ನು ಅಟ್ಟಿದ. ಯುದ್ಧದ ದಿನ ಗ್ರೂಶಿ ದಾರಿಯಲ್ಲಿ ಒಂದು ಮನೆಯಲ್ಲಿ ಕೂತು ಸ್ಟ್ರಾಬೆರಿ ತಿನ್ನುತ್ತಿದ್ದಾಗ ದೂರದಿಂದ ಫಿರಂಗಿಗಳ ಸದ್ದು ಕೇಳಿಸಿತಂತೆ. ಕೈಕೆಳಗಿನ ಜೆರಾರ್ ಎಂಬ ಸೇನಾಪತಿ, ಸದ್ದಿನ ಕಡೆಗೆ ನಡೆಯೋಣ ಎಂದು ಅಂಗಲಾಚಿದ. ಗ್ರೂಶಿ, ನನಗೆ ಆಗಿರುವ ಅಪ್ಪಣೆ ಪ್ರಷ್ಯನ್ನರ ಹಿಂದೆ ಹೋಗುವುದು ಎಂದು ಹೇಳಿ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಮುದುಕ ಬ್ಲೂಷರ್ ಹೇಗೋ ಬಂದು ಮುಟ್ಟಿದ, ಗ್ರೂಶಿ ಬರಲಿಲ್ಲ, ನೆಪೋಲಿಯನ್ ಮುಗಿದುಹೋದ.

ಫಿರ್ಯಾದಿಯ ಪರ ನಾನು, ಗ್ರೂಶಿಯ ಪರ ವೀರೇಶ. ನನ್ನ ವಾದ ಸುಲಭದ್ದು, ಸ್ಟ್ರಾಬೆರಿ ಎಂದರೇ ಜನ ನಗುತ್ತಿದ್ದರು. ಆ ಸಲ ಕುರ್ಚಿಯಿಂದೆದ್ದು, ಬೆರಳ ತುದಿಯಲ್ಲಿ ಹಣ್ಣು ಹಿಡಿದು ಕಿವಿಗೆ ಕೈ ಆನಿಸಿ ಕೇಳಿಸಿಕೊಳ್ಳುವ ಗ್ರೂಶಿಯನ್ನು ಅಭಿನಯಿಸಿಯೂ ತೋರಿಸಿದೆ. ವೀರೇಶ ಗಂಭೀರವಾಗಿ ಓದಿಕೊಂಡು ಬಂದಿದ್ದ. ಕೆಸರು ದಾರಿ, ನಡುವಿನ ನದಿ, ಹೊತ್ತು, ಎಲ್ಲವನ್ನೂ ಹೇಳಿ, ಹೊರಟಿದ್ದರೂ ಗ್ರೂಶಿ ಸಮಯಕ್ಕೆ ಮುಟ್ಟುತ್ತಿರಲಿಲ್ಲ ಎಂದು ತೋರಿಸಿದ. ಕೊನೆಗೆ ಅವನೆಂದ: "ಅಂವಗೇನು ಹೇಳಿದ್ರೋ ಅದನ್ನ ಮಾಡಿದ. ಹೇಳಿದ್ದು ಮಾಡಾವನ್ನ ಹೇಡಿ ಅಂತೀರಿ. ಹೇಳಿದಾಂವ ತಪ್ಪು ಹೇಳಿದ್ನೇನು ಅಂತ ಯಾರೂ ಕೇಳಂಗಿಲ್ಲ." ಊಟಕ್ಕೆಂದೇ ಬಂದವರೂ ತಲೆದೂಗಿದರು. ಗ್ರೂಶಿ ಗೆಲ್ಲುವ ಲಕ್ಷಣ ಕಂಡಿತು.

ಆಗ ನಾನು ಎದ್ದು ಹೇಳಿದ ಮಾತನ್ನು ಇದ್ದಹಾಗೆ ಬರೆಯುತ್ತೇನೆ. "ಮಹಾಸ್ವಾಮಿ, ಪ್ರತಿವಾದಿ ವಕೀಲರು ಗ್ರೂಶಿಯ ಪರ ಮಾತಾಡ್ತಿಲ್ಲ, ತಮ್ಮ ಪರ ಮಾತಾಡ್ಕೊಳ್ತಿದಾರೆ. ಇವರೂ ಮೇಲಿನವರ ಇಮೇಲ್ ಬರಲಿ ಅಂತ ಸ್ಟ್ರಾಬೆರಿ ತಿಂತಾ ಕೂತವರೇ."

ಎಲ್ಲರೂ ಗೊಳ್ಳೆಂದರು. ಅವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಅದರ ಹಿಂದಿನ ಕತೆ ಗೊತ್ತಿತ್ತು. ನಮ್ಮ ಕಂಪನಿ ಕುಸಿಯುವ ಸೂಚನೆ ಕಂಡಾಗ ನಾವು ಕೆಲವರು ಬೇರೆ ಕಡೆ ಹಾರಿದೆವು. ವೀರೇಶನಿಗೂ ಅಲ್ಲಿ ಜಾಗ ಮಾಡಿಸಿದ್ದೆ. ಅವನ ಮ್ಯಾನೇಜರು, ಈ ಒಂದು ಪ್ರಾಜೆಕ್ಟು ಮುಗಿಯುವವರೆಗೆ ಇರು ಎಂದಿದ್ದರಂತೆ. ಅವನು ಇದ್ದ. ಪ್ರಾಜೆಕ್ಟು ಮುಗಿದ ವಾರವೇ ಅವನನ್ನು ಮನೆಗೆ ಕಳಿಸಿದರು. ಆಮೇಲೆ ಅವನಿಗೆ ಆ ಮಟ್ಟದ ಕೆಲಸ ಸಿಗಲೇ ಇಲ್ಲ. ವೀರೇಶನೂ ಎಲ್ಲರ ಜೊತೆ ನಕ್ಕ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸಿದ. ಮೇಘಾ ನಗಲಿಲ್ಲ. "ಅಪ್ಪ, ಯು ಸ್ಟಿಲ್ ಹ್ಯಾವ್ ಟೈಮ್" ಎಂದಳು. ಅವನು ಇಷ್ಟೇ ಎಂದು ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡ. ಗ್ರೂಶಿ ಸೋತ.

ಊಟದಲ್ಲಿ ವೀರೇಶ ತಾನೇ ಬಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಎಣ್ಣೆಗಾಯಿ ಬಡಿಸಿದ. ಕ್ಷಮಿಸು ಎನ್ನಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಉಪ್ಪಿನಕಾಯಿ ಕೇಳಿದೆ.

ಹೊರಡುವಾಗ ವೀರೇಶನ ಹೆಂಡತಿ ಗಂಗಾ ನಾವು ತಂದಿದ್ದ ಪುಳಿಯೋಗರೆಯ ಡಬ್ಬಿಯನ್ನು ತೊಳೆದು ತಂದುಕೊಟ್ಟರು. ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ನಮ್ಮ ಹೆಂಗಸರು ಇಲ್ಲಿಯೂ ಬಿಡದ ಪದ್ಧತಿ. ಅವತ್ತು ಮನೆಯಲ್ಲಿ ಸಿಹಿ ಮುಗಿದುಹೋಗಿತ್ತು ಎಂದು ಅವರು ಅದರ ತುಂಬ ಏನೋ ಹಣ್ಣು ಹಾಕಿ ಮುಚ್ಚಿದ್ದರು. ನಾನು ನೋಡಲಿಲ್ಲ. ವೀರೇಶ ಗ್ಯಾರೇಜಿನ ಮುಂದೆ ನಿಂತು ಕೈಬೀಸಿದ.

ಮಧ್ಯಾಹ್ನದ ಬಿಸಿಲು ಚೆನ್ನಾಗಿತ್ತು. ನಾನು ಡ್ರೈವ್ ಮಾಡುತ್ತಿದ್ದೆ. ಆ್ಯನ್ ಆರ್ಬರ್ ಊರು ದಾಟಿದ ಮೇಲೆ, ತಾಸಿನ ದಾರಿ ಕಳೆದಾಗ, ಲಲಿತ ಬಾಯಿ ಬಿಟ್ಟಳು. "ನೀವು ಹಾಗನ್ನಬಾರದಿತ್ತು" ಎಂದಳು. ಅದು ತಮಾಷೆ ಎಂದೆ. "ಗಂಗಾ ಅಡಿಗೆಮನೇಲಿ ಎಲ್ಲಾ ಕೇಳಿಸ್ಕೊಂಡ್ರು. ಅವರಿಗೆ ತಮಾಷೆ ಅನ್ನಿಸಲಿಲ್ಲ" ಎಂದಳು. ನಾನು ಹೆದ್ದಾರಿ ಬದಿಯ ರೆಸ್ಟ್ ಏರಿಯಾಕ್ಕೆ ಕಾರು ತಿರುಗಿಸಿದೆ. ಅಲ್ಲಿ ಮರದ ಕೆಳಗೆ ಬೆಂಚುಗಳಿವೆ. ಲಲಿತ ಕೈತೊಳೆದು ಬರುತ್ತೇನೆಂದು ಹೋದಳು. ನಾನು ಡಬ್ಬಿ ತೆರೆದೆ. ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ, ಇನ್ನೊಂದನ್ನು ಕೈಗೆ ತೆಗೆದುಕೊಂಡೆ.

ಆಗ ಕೇಳಿಸಿತು.

ಪೂರ್ವದ ಕಡೆಯಿಂದ, ನಾವು ಬಂದ ದಿಕ್ಕಿನಿಂದ. ಮೊದಲು ಭಾರವಾದ ಒಂದು ಧಮ್. ಅದರ ಬಾಲಕ್ಕೆ, ಸಿಮೆಂಟಿನ ನೆಲದ ಮೇಲೆ ಧಾನ್ಯ ಚೆಲ್ಲಿದ ಹಾಗೆ ಸಣ್ಣಗೆ ಉದುರುವ ಸದ್ದು. ಸ್ವಲ್ಪ ಬಿಟ್ಟು ಮತ್ತೆ ಧಮ್, ಮತ್ತೆ ಉದುರುವಿಕೆ. ಗುಡುಗು ಎಂದು ತಲೆಯೆತ್ತಿದೆ, ಮೋಡವಿಲ್ಲ. ಲಾರಿಗಳು ಸಿಮೆಂಟು ರಸ್ತೆಯ ಸಂದು ದಾಟುವ ಸದ್ದು ಎಂದುಕೊಂಡು ಲಾರಿಗಳನ್ನು ನೋಡುತ್ತ ಕೂತೆ, ತಾಳ ಹೊಂದಲಿಲ್ಲ. ಎಲ್ಲೋ ಪಟಾಕಿ, ಎಲ್ಲೋ ಕಲ್ಲುಗಣಿ ಎಂದೆಲ್ಲ ಯೋಚಿಸಿದೆ. ಪಟಾಕಿ ಹೀಗೆ ಉದುರುವುದಿಲ್ಲ, ಗಣಿ ಭಾನುವಾರ ನಡೆಯುವುದಿಲ್ಲ. ಕಿವಿಯ ದೋಷವಿರಬೇಕೆಂದು ಎರಡೂ ಕಿವಿಗೆ ಬೆರಳಿಟ್ಟೆ. ಒಳಗಿನ ಸದ್ದಾದರೆ ಕಿವಿ ಮುಚ್ಚಿದಾಗ ಜೋರಾಗಬೇಕು. ನಿಂತುಹೋಯಿತು. ಬೆರಳು ತೆಗೆದೆ, ಮತ್ತೆ ಧಮ್. ಅಲ್ಲಿಗೆ ಅದು ಹೊರಗಿನದು. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಇಟ್ಟುಕೊಂಡಿದ್ದೇನೆ, ನಿವೃತ್ತರಿಗೂ ಒಂದು ಚಟ ಬೇಕಲ್ಲ. ತೆಗೆದು ಹಿಡಿದೆ. ಅದರ ಗೆರೆ ಅಲುಗಲಿಲ್ಲ. ಅಲ್ಲಿಗೆ ಅದು ಹೊರಗಿನದೂ ಅಲ್ಲ.

ಲಲಿತ ಬಂದು, ಯಾಕೆ ಹೀಗೆ ಕೂತಿದ್ದೀರಿ ಎಂದಳು. ಏನಾದರೂ ಕೇಳಿಸುತ್ತಿದೆಯಾ ಎಂದು ಕೇಳಿದೆ. ಲಾರಿ ಎಂದಳು. ಅದರ ಆಚೆ? ಹಕ್ಕಿ ಎಂದಳು. ಆಗ ನಾನು ನನ್ನ ಕೈ ನೋಡಿಕೊಂಡೆ. ಬೆರಳ ತುದಿಯಲ್ಲಿ ಸ್ಟ್ರಾಬೆರಿ ಇತ್ತು. ಬೆಳಿಗ್ಗೆ ಸಭೆಯ ಮುಂದೆ ಹಿಡಿದ ಹಾಗೆಯೇ ಹಿಡಿದುಕೊಂಡಿದ್ದೆ.

ಓದುಗರೇ, ನಿಮಗೆ ಭಯವಾಗಬಹುದು, ನನಗೆ ಆದದ್ದು ನಾಚಿಕೆ. ಕೈಯ ಹಣ್ಣನ್ನು ತಿನ್ನುವುದೋ ಕೆಳಗಿಡುವುದೋ ತಿಳಿಯಲಿಲ್ಲ. ಇಪ್ಪತ್ತು ವರ್ಷ ಒಬ್ಬ ಸತ್ತ ಮನುಷ್ಯನನ್ನು ಯಾವ ತಪ್ಪಿಗೆ ಹೀಯಾಳಿಸಿದ್ದೆನೋ ಅದೇ ತಪ್ಪನ್ನು ಅದೇ ಹಣ್ಣು ಹಿಡಿದುಕೊಂಡು ಮಾಡುವುದಕ್ಕೆ ಮುಖವಿರಲಿಲ್ಲ. "ವಾಪಸ್ ಹೋಗೋಣ" ಎಂದೆ.

ಲಲಿತ ನನ್ನ ಹಣೆ ಮುಟ್ಟಿ ನೋಡಿದಳು. ವಿಷಯ ಹೇಳಿದೆ. ಜೀವಮಾನವಿಡೀ ಶಕುನ ನಂಬಿದವಳು ಅವತ್ತು ಶುದ್ಧ ವಿಚಾರವಾದಿಯಾದಳು. "ಫಿರಂಗಿನೂ ಇಲ್ಲ, ಏನೂ ಇಲ್ಲ. ಮನಸ್ಸು ಚುಚ್ತಿದೆ ನಿಮಗೆ, ಅಷ್ಟೇ. ಫೋನ್ ಮಾಡಿ ಸಾರಿ ಅನ್ನಿ. ಹೊರಟ ಮೇಲೆ ತಿರುಗಬಾರದು ರೀ." ಜೀವಮಾನವಿಡೀ ನಕ್ಕವನು ನಾನು, ಸದ್ದಿನ ಕಡೆಗೇ ಹೋಗಬೇಕು ಎಂದು ಹಟ ಹಿಡಿದೆ.

ಫೋನ್ ಮಾಡಿದೆ. ಗ್ರೂಶಿಗೆ ಈ ಅನುಕೂಲ ಇರಲಿಲ್ಲ. ಗಂಗಾ ಎತ್ತಿದರು. ವೀರೇಶ ಎಲ್ಲಿ, ಹೇಗಿದ್ದಾನೆ ಎಂದೆ. ಹೊರಗೆ ಗಿಡಕ್ಕೆ ನೀರು ಬಿಡುತ್ತಿದ್ದಾರೆ, ಆರಾಮ ಇದ್ದಾರೆ, ಮೇಘಾ ಈಗ ಹೊರಟಳು, ಇನ್ನೊಂದು ತಾಸಿಗೆ ತಾವೊಬ್ಬರೇ ಗೆಳತಿಯ ಮನೆಗೆ ಹೊರಡುವವರು, ಎಂದರು. ಅವರ ದನಿ ಎಂದಿನಷ್ಟು ಹತ್ತಿರವಿರಲಿಲ್ಲ. ನೀವು ಮನೆ ಮುಟ್ಟಿದ ಮೇಲೆ ತಿಳಿಸಿರಿ ಎಂದು ಫೋನ್ ಇಟ್ಟರು. ಮಾಹಿತಿ ಖಚಿತವಾಗಿತ್ತು, ಎಲ್ಲರೂ ಸುಖವಾಗಿದ್ದರು, ಹಿಂದಿರುಗಲು ಯಾವ ಕಾರಣವೂ ಉಳಿದಿರಲಿಲ್ಲ. ಫೋನು ಜೇಬಿಗೆ ಹೋದ ಕೂಡಲೇ ಮತ್ತೆ ಧಮ್ ಎಂದಿತು. ನಾನು ಕಾರು ತೆಗೆದೆ. ಮುಂದಿನ ಎಕ್ಸಿಟ್‌ನಲ್ಲಿ ಇಳಿದು, ಸೇತುವೆ ದಾಟಿ, ಪೂರ್ವಕ್ಕೆ ಹೋಗುವ ಹೆದ್ದಾರಿಗೆ ಬಿದ್ದೊಡನೆ ಸದ್ದು ನಿಂತಿತು. ಆಮೇಲೆ ಕೇಳಿಸಲಿಲ್ಲ. ಲಲಿತ ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಮುಂದಿನ ರಸ್ತೆ ನೋಡುತ್ತ ಕೂತಿದ್ದಳು. ನನಗೆ ವಯಸ್ಸಾಯಿತು ಎಂದು ಅವಳು ಆ ಗಂಟೆಯಲ್ಲಿ ತೀರ್ಮಾನಿಸಿದಳೆಂದು ಆಮೇಲೆ ಹೇಳಿದಳು.

ಬಿಸಿಲು ಇನ್ನೂ ಇತ್ತು. ವೀರೇಶ ಮನೆ ಮುಂದೆ ನೀರಿನ ಪೈಪು ಸುತ್ತುತ್ತಿದ್ದ. ಗಟ್ಟಿಮುಟ್ಟಾಗಿದ್ದ. ನಮ್ಮ ಕಾರು ಕಂಡು ಪೈಪು ಕೆಳಗೆ ಹಾಕಿ ಹತ್ತಿರ ಬಂದು ಕಿಟಕಿಗೆ ಬಗ್ಗಿದ. "ಯಾಕೋ, ದಾರಿ ತಪ್ತೇನು?"

ದಾರಿಯುದ್ದಕ್ಕೂ ನಾನು ವಾಕ್ಯ ಸಿದ್ಧಮಾಡಿಕೊಂಡಿದ್ದೆ. ಬೆಳಿಗ್ಗೆ ಆಡಿದ್ದು ತಪ್ಪು, ಮನಸ್ಸಿಗೆ ಹಚ್ಚಿಕೋಬೇಡ. ಇಷ್ಟೇ. ಅವನ ಮುಖ ಕಂಡೊಡನೆ ಬಾಯಿಂದ ಬಂದದ್ದು ಬೇರೆ. "ಫೋನ್ ಚಾರ್ಜರ್ ಮರೆತುಬಿಟ್ಟಿದ್ದೆ ಕಣೋ."

ಚಾರ್ಜರು ನಮ್ಮಿಬ್ಬರ ನಡುವೆ ಕಾರಿನಲ್ಲೇ ನೇತಾಡುತ್ತಿತ್ತು. ಲಲಿತ ನನ್ನನ್ನು ನೋಡಿದಳು, ಅದನ್ನು ನೋಡಿದಳು. ಎರಡು ತಾಸಿನ ದಾರಿಯನ್ನು ಸುತ್ತುಹಾಕಿ ಚಾರ್ಜರಿಗೆ ಬರುವ ಮನುಷ್ಯ ಲೋಕದಲ್ಲಿದ್ದಾನೆಯೇ? ನೆಪೋಲಿಯನ್ ಕೂಡ ಆ ದಿನ ದೂರದಲ್ಲಿ ಕಂಡ ಸೈನ್ಯ ಶತ್ರುವಿನದೆಂದು ಗೊತ್ತಾದ ಮೇಲೂ, ಗ್ರೂಶಿ ಬಂದ ಎಂದು ತನ್ನವರಿಗೆ ಸುಳ್ಳು ಹೇಳಿಸಿದ್ದ. ಅದಕ್ಕೆ ಸಾಮ್ರಾಜ್ಯದ ಕಾರಣವಾದರೂ ಇತ್ತು.

ವೀರೇಶ ಒಂದು ಗಳಿಗೆ ಕಾರಿನೊಳಗೆ ನೋಡಿ, "ಕೆಳಗ ಬಿಟ್ಟಿರಬೇಕು. ಹುಡುಕತೀನಿ, ನೀ ಒಳಗ ಕೂಡು" ಎಂದ. ನಾನು ಬೇಡ, ಹೋಗಲಿ ಬಿಡು, ದಾರಿಯಲ್ಲಿ ಇನ್ನೊಂದು ಕೊಳ್ಳುತ್ತೇನೆ ಎಂದು ತಡವರಿಸುತ್ತ, ಹಾಗೇ ಹೊರಟುಬಿಡುವ ಆಲೋಚನೆಯಲ್ಲಿದ್ದೆ. ಆದರೆ ಲಲಿತ ಆಗಲೇ ಇಳಿದಾಗಿತ್ತು. ಹಿಂದಕ್ಕೆ ಬಂದದ್ದೇ ಅಪಶಕುನ, ಇನ್ನು ನೀರು ಕುಡಿಯದೆ ಹೊರಟರೆ ಮುಗಿದೇಹೋಯಿತು. ಹೊರಗೆ ಹೊರಡಲು ಚಪ್ಪಲಿ ಮೆಟ್ಟಿದ್ದ ಗಂಗಾ ನಮ್ಮನ್ನು ಕಂಡು ಮತ್ತೆ ಬಿಟ್ಟು, ಎರಡು ಲೋಟ ನೀರು ತಂದಿಟ್ಟರು. ವೀರೇಶ ಬೇಸ್‌ಮೆಂಟಿನ ಮೆಟ್ಟಿಲಿಳಿದು ಹೋದ. ಅಲ್ಲಿಲ್ಲದ ಚಾರ್ಜರನ್ನು ಹುಡುಕುತ್ತ ಅವನು ಕುರ್ಚಿ ಸರಿಸುವ ಸದ್ದು ಕೇಳಿಸುತ್ತಿತ್ತು. ಈಗ ಎದ್ದು ಹೋಗಿ ನಿಜ ಹೇಳಿಬಿಡಬೇಕು ಎಂದುಕೊಂಡೆ. ನೀರು ಮುಗಿಯಲಿ ಎಂದೂ ಅಂದುಕೊಂಡೆ.

ಆಗ ಕೆಳಗಿನಿಂದ ಬಂತು. ಭಾರವಾದ ಒಂದು ಧಮ್. ಅದರ ಬಾಲಕ್ಕೆ, ಸಿಮೆಂಟಿನ ನೆಲದ ಮೇಲೆ ಧಾನ್ಯ ಚೆಲ್ಲಿದ ಹಾಗೆ ಸಣ್ಣಗೆ ಉದುರುವ ಸದ್ದು.

ಈ ಸಲ ಮೂವರಿಗೂ ಕೇಳಿಸಿತು. ಲಲಿತ ಕೈಯ ಲೋಟ ಕೆಳಗಿಟ್ಟಳು. ಅವಳು ಮೆಟ್ಟಿಲ ಕಡೆ ನೋಡಲಿಲ್ಲ, ಮೊದಲು ನನ್ನ ಮುಖ ನೋಡಿದಳು. ನಾನು ವಿವರಿಸಿದ್ದ ಸದ್ದು ಅವಳಿಗೆ ಗುರುತು ಸಿಕ್ಕಿತ್ತು. ನನಗೂ ಸಿಕ್ಕಿತ್ತು. ಸದ್ದು ಗುರುತಿಸುವುದರಲ್ಲಿ ನಾನು ತಪ್ಪುವುದಿಲ್ಲ, ಅದೊಂದೇ ನನಗೆ ಬರುವ ವಿದ್ಯೆ.

ಕೆಳಗೆ ಮೇಜು ಮಗ್ಗುಲಾಗಿ ಬಿದ್ದಿತ್ತು. ಮೇಜಿನ ಅಂಚು ಹಿಡಿದುಕೊಳ್ಳಲು ಹೋಗಿ ಅದರೊಂದಿಗೆ ವೀರೇಶನೂ ಬಿದ್ದಿದ್ದ. ಸುತ್ತ ಫ್ರೆಂಚರು, ಇಂಗ್ಲಿಷರು, ಪ್ರಷ್ಯನ್ನರು ಎಲ್ಲ ಕಲಸಿಹೋಗಿದ್ದರು. ಅವನ ಕಣ್ಣು ತೆರೆದಿತ್ತು, ಬಾಯಿ ಒಂದು ಕಡೆ ವಾಲಿತ್ತು, ಬಲಗೈ ಅವನ ಮಾತು ಕೇಳುತ್ತಿರಲಿಲ್ಲ. ಗಂಗಾ ಆಂಬುಲೆನ್ಸಿಗೆಂದು ನೈನ್ ಒನ್ ಒನ್‌ಗೆ ಫೋನ್ ಮಾಡಿದರು. ನಾನು ಅವನ ತಲೆಯ ಕೆಳಗೆ ಹಸಿರು ಬಟ್ಟೆ ಮಡಚಿಟ್ಟೆ. ಅಲ್ಲಿ ನೆಲದ ಮೇಲೆ ಕೂತು, ತಪ್ಪಾಯಿತು ಕಣೋ ಎಂದೆ. ಅವನೇನೋ ಹೇಳಲು ಹೋದ. ಮಾತು ಮಾತಾಗಿ ಬರಲಿಲ್ಲ. ನನ್ನ ಕ್ಷಮಾಪಣೆ, ಕೇಳಿಸಿಕೊಂಡವನು ಉತ್ತರ ಕೊಡಲಾಗದ ಗಳಿಗೆಯವರೆಗೆ ಕಾದಿತ್ತು.

ಆಸ್ಪತ್ರೆಯಲ್ಲಿ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಬೇಗ ಕರೆತಂದದ್ದಕ್ಕೆ ಔಷಧ ಕೊಡಲು ಸಾಧ್ಯವಾಯಿತು, ಕೆಲವು ತಾಸು ಒಬ್ಬನೇ ಬಿದ್ದಿದ್ದರೆ ಉಳಿಯುವುದು ಕಷ್ಟವಿತ್ತು, ಎಂದರು. ನಾವು ಬಾರದಿದ್ದರೆ ಗಂಗಾ ಹೊರಟುಹೋಗುತ್ತಿದ್ದರು, ಅವನು ಒಬ್ಬನೇ ಇರುತ್ತಿದ್ದ. ಆಸ್ಪತ್ರೆಯ ಪಡಸಾಲೆಯಲ್ಲಿ ಗಂಗಾ ನನ್ನ ಎರಡೂ ಕೈ ಹಿಡಿದುಕೊಂಡರು. "ದೇವರು ಕಳಿಸಿದಂಗ ಬಂದ್ರಿ, ಅಣ್ಣಾರ." ಬೆಳಿಗ್ಗೆ ನನ್ನ ಮಾತು ಅಡಿಗೆಮನೆಯಿಂದ ಕೇಳಿಸಿಕೊಂಡಿದ್ದ ಹೆಂಗಸು. ನಾನು ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ವಿನಯ ಎಂದು ತಿಳಿದರು. ಊರಿಗೆ ಮರಳಿದ ಮೇಲೆ ಅರೋರಾದ ಬಾಲಾಜಿ ಗುಡಿಯಲ್ಲಿ ಲಲಿತ ಅರ್ಚನೆ ಮಾಡಿಸಿದಾಗ ಪಕ್ಕದಲ್ಲಿ ಕೈಮುಗಿದು ನಿಂತೆ.

ಈ ಘಟನೆಯನ್ನು ನಾನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದ್ದೇನೆ. ಮನಸ್ಸು ಚುಚ್ಚಿ ಸದ್ದು ಹುಟ್ಟಿಸಿತು ಎನ್ನಬಹುದು, ಲಲಿತಳ ಮೊದಲ ಅಭಿಪ್ರಾಯ ಅದೇ. ಆದರೆ ಇನ್ನೂ ಬೀಳದ ಮೇಜಿನ ಸದ್ದನ್ನು, ಉದುರುವ ಸೈನಿಕರ ಸಮೇತ, ಯಾವ ಮನಸ್ಸು ಮುಂಚಿತವಾಗಿ ಹುಟ್ಟಿಸುತ್ತದೆ? ದೈವ ಎಚ್ಚರಿಸಿತು ಎನ್ನೋಣವೆಂದರೆ ಇನ್ನೂ ಕೆಟ್ಟ ತೊಡಕು. ನಾನು ಚಾರ್ಜರಿನ ಸುಳ್ಳು ಹೇಳದಿದ್ದರೆ ಅವನು ಆ ಹೊತ್ತಿನಲ್ಲಿ ಕೆಳಗಿಳಿಯುತ್ತಿರಲಿಲ್ಲ, ಬಗ್ಗಿ ಹುಡುಕುತ್ತಿರಲಿಲ್ಲ, ಆ ಮೇಜು ಬೀಳುತ್ತಿರಲಿಲ್ಲ. ಹಾಗಾದರೆ ನನ್ನನ್ನು ಕರೆದ ಸದ್ದು, ನಾನು ಹೋದದ್ದರಿಂದಲೇ ಆದ ಸದ್ದು. ಹೆಪ್ಪು ಹೇಗೂ ಬರುತ್ತಿತ್ತು, ಹುಡುಕಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ವೈದ್ಯರು ಹೇಳಿದರು. ಅವರಿಗೆ ನಾನು ಪೂರ್ತಿ ಕತೆ ಹೇಳಿರಲಿಲ್ಲ. ನಾನು ಅವನನ್ನು ಉಳಿಸಿದೆನೋ ಬೀಳಿಸಿದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಗ್ರೂಶಿ ಹೋಗಿದ್ದರೆ ಏನಾಗುತ್ತಿತ್ತು ಎಂದು ಮಾತ್ರ ಖಚಿತವಾಗಿ ಹೇಳುತ್ತ ಬಂದಿದ್ದೆ.

ಚಳಿಗಾಲದ ಹೊತ್ತಿಗೆ ವೀರೇಶನಿಗೆ ಮಾತು ನಿಧಾನವಾಗಿ ಮರಳಿತು, ಕೋಲು ಹಿಡಿದು ನಡೆಯುವಂತಾದ. ನೋಡಲು ಹೋದಾಗ, ಇಬ್ಬರೇ ಇದ್ದಾಗ, ಚಾರ್ಜರಿನ ವಿಷಯ ಒಪ್ಪಿಕೊಂಡೆ.

ಅವನು ಬಹಳ ಹೊತ್ತು ಪದಗಳನ್ನು ಜೋಡಿಸಿದ. "ಗೊತ್ತ್... ಗೊತ್ತಿತ್ತಲೇ. ಕಾರಿನಾಗ ನೇತಾಡತಿತ್ತಲ್ಲ."

ಮತ್ತೆ ಯಾಕೆ ಹುಡುಕಲು ಹೋದೆ ಎಂದೆ.

"ನೀ ಏನೋ ಹೇಳಾಕ ಬಂದಿದ್ದಿ. ಬಾಯಿ ಬರವಲ್ದು. ಒಂದೀಟು ಟೈಮ್ ಕೊಡೂನು ಅಂತ ಕೆಳಗ ಹೋದ್ನಿ."

ಫಿರಂಗಿಯ ವಿಷಯ ಅವನಿಗೆ ಹೇಳಲಿಲ್ಲ. ಹೇಳಿದ ಸುಳ್ಳನ್ನು ಒಪ್ಪಿಕೊಳ್ಳುವುದಕ್ಕಿಂತ ಕೇಳಿಸಿದ ನಿಜವನ್ನು ಒಪ್ಪಿಕೊಳ್ಳುವುದು ಕಷ್ಟ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಅವನ ಕಣ್ಣಿಗೆ ಬಿದ್ದರೆ ಬೀಳಲಿ.

ಮರುವರ್ಷದ ಜೂನಿನಲ್ಲಿ ವೀರೇಶ ಒಂದೇ ಹಟ ಹಿಡಿದ. ಹಿಂದಿನ ವರ್ಷದ ವಾದ ಅರ್ಧಕ್ಕೇ ನಿಂತಿದೆ, ಗ್ರೂಶಿಯ ಮೊಕದ್ದಮೆ ಮತ್ತೆ ನಡೆಯಬೇಕು ಎಂದ. ಅದೇ ಮೇಜು, ಅದೇ ಹಸಿರು ಬಟ್ಟೆ. ಮುರಿದ ಸೈನಿಕರಿಗೆ ಗಂಗಾ ಅಂಟು ಹಾಕಿ ನಿಲ್ಲಿಸಿದ್ದರು. ಅವನು ಕೋಲೂರಿ ನಿಂತು ಮಾತಾಡಿದ. ಸಿಕ್ಕಿಕೊಂಡ ಪದಗಳನ್ನು ಯಾರೂ ಎತ್ತಿಕೊಡಬಾರದೆಂದು ಮೇಘಾ ಮೊದಲೇ ಹೇಳಿದ್ದಳು, ಲಟ್ಟಣಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವನ ಕೊನೆಯ ಮಾತು ಹೀಗಿತ್ತು: "ಸಪ್ಪಳ ಕೇಳಿ ಓಡಿ ಬಾ ಅಂತೀರಿ. ಬಂದಾಂವ ಬಾಗಲಾಗ ಸುಮ್ಮನ ನಿಂತರ? ಅದನ್ನ ಯಾರೂ ಕೇಳಂಗಿಲ್ಲ."

ಅವನಿಗೆ ಫಿರಂಗಿಯ ಸಂಗತಿ ಗೊತ್ತಿರಲಿಲ್ಲ ಎಂದು ಮತ್ತೊಮ್ಮೆ ಹೇಳುತ್ತೇನೆ. ನನ್ನ ಸರದಿ ಬಂದಾಗ ಎದ್ದು, ಫಿರ್ಯಾದಿಯ ಕಡೆಯಿಂದ ಹೇಳುವುದು ಏನೂ ಇಲ್ಲ ಎಂದು ಕೂತೆ. ಮತಕ್ಕೆ ಹಾಕಿದಾಗ ಗ್ರೂಶಿಯ ಪರವಾಗಿ ಕೈಯೆತ್ತಿದೆ. ಮೇಘಾ ಕೈಗಳನ್ನು ಎಣಿಸಿ ಲಟ್ಟಣಿಗೆ ಕುಟ್ಟಿದಳು. ಗ್ರೂಶಿ ತಪ್ಪಿತಸ್ಥನೆಂದು ಬಹುಮತದಿಂದ ತೀರ್ಪಾಯಿತು.